ವೇದಿಕೆಯ ಹಿಂದಿನ ಗೋಡೆ

ಹೋದ ತಿಂಗಳು ಬಳ್ಳಾರಿಯ ಕಂಟೋನ್ಮೆಂಟ್ ಹತ್ತಿರದ ಕಲ್ಯಾಣ ಮಂಟಪದಲ್ಲಿ ಒಂದು ಮದುವೆಗೆ ಹೋಗಿದ್ದೆ. ಅಕ್ಷತೆ ಹಾಕಲು ವೇದಿಕೆ ಹತ್ತಿದಾಗ ಮಲ್ಲಿಗೆಯ ಘಮದ ನಡುವೆ ಹೊಸ ಪ್ಲೈವುಡ್ಡಿನ, ಅಂಟಿನ ವಾಸನೆ ಮೂಗಿಗೆ ಬಡಿಯಿತು. ಅಲ್ಲಿ ಪ್ಲೈವುಡ್ ಇರಬಾರದಿತ್ತು. ವಧೂವರರ ಬೆನ್ನ ಹಿಂದೆ ಇದ್ದದ್ದು ನಮ್ಮ ಸಾಹೇಬರ ಕಾಂಕ್ರೀಟ್ ಗೋಡೆ...

ಸಾಹೇಬರು ಎಂದರೆ ನಾನು ಕೆಲಸ ಕಲಿತ ಕಚೇರಿಯ ಹಿರಿಯ ಎಂಜಿನಿಯರು. ಅನುಮಾನ ಅವರ ಹುಟ್ಟುಗುಣ. ಚಹಾದಂಗಡಿಯಲ್ಲಿ ಕೂರುವ ಮುನ್ನ ಬೆಂಚನ್ನು ಅಲುಗಾಡಿಸಿ ನೋಡುವವರು. ಕಟ್ಟಡಕ್ಕೆ ಹೋದರೆ ಬೀಗದ ಕೈ ಗೊಂಚಲಿನಿಂದ ಕಂಬ, ಗೋಡೆಗಳನ್ನೆಲ್ಲ ಕುಟ್ಟಿ, ತಲೆ ವಾರೆ ಮಾಡಿ ಸದ್ದು ಕೇಳುತ್ತಿದ್ದರು. ಡಾಕ್ಟರು ಬಂದರು ಎಂದು ಗೌಂಡಿಗಳು ಒಳಗೊಳಗೇ ನಗುತ್ತಿದ್ದರು.

ಈ ಮಂಟಪದ ಮಾಲೀಕರು ಸಿರುಗುಪ್ಪದ ಅಕ್ಕಿ ಗಿರಣಿಯವರು. ಮೇಲಿನ ಮಹಡಿಗಳೆಲ್ಲ ಲಾಡ್ಜು, ಕೋಣೆ ಕೋಣೆಯ ನಡುವೆ ಕಾಂಕ್ರೀಟ್ ಗೋಡೆ. ಕೆಳಗಿನ ಮದುವೆ ಹಾಲಿನಲ್ಲಿ ಮಾತ್ರ ಗೋಡೆ ಬೇಡ, ಬರೀ ಕಂಬಗಳ ಮೇಲೆ ನಿಲ್ಲಿಸಿ ಎಂದು ಹಟ ಹಿಡಿದರು. ಸಾಹೇಬರು ಒಪ್ಪಲಿಲ್ಲ. ಮೇಲೆ ಬಿಗಿ, ಕೆಳಗೆ ಸಡಿಲವಾದರೆ ಭೂಮಿ ಅಲುಗಿದಾಗ ಪೆಟ್ಟೆಲ್ಲ ಆ ಕಂಬಗಳಿಗೇ ಬೀಳುತ್ತದೆ, ಎತ್ತು ಏರಿಗೆಳೆದರೆ ಕೋಣ ನೀರಿಗೆಳೆಯಿತು ಎಂಬ ಕತೆಯಾಗುತ್ತದೆ ಎಂದರು. ಕಂಬಗಳ ಜೊತೆ ಎರಡು ಗೋಡೆಗಳಾದರೂ ಮೇಲಿನಿಂದ ಪಾಯದವರೆಗೆ ಇಳಿಯಲೇಬೇಕು. ನೆಲ ಮುಟ್ಟದ ಗೋಡೆಗೆ ಅವರು ಇಟ್ಟ ಹೆಸರು ಅಂತರಪಿಶಾಚಿ.

“ಬಳ್ಳಾರಿ ಕಲ್ಲುಗುಡ್ಡದ ಮ್ಯಾಲೆ ಕುಂತೈತ್ರಿ. ಇಲ್ಲಿ ಎಲ್ಲಿ ಭೂಕಂಪ?” ಎಂದರು ಮಾಲೀಕರು.

“ಗುಡ್ಡ ನಿಮಗ ಮಾತು ಕೊಟ್ಟೈತೇನ್ರಿ?” ಎಂದರು ಸಾಹೇಬರು.

ಆದರೆ ಕುರುಗೋಡಿನ ಕಬ್ಬಿಣದ ವ್ಯಾಪಾರಿಯೊಬ್ಬರು ಸಾಹೇಬರ ಬೀಗರು; ಮಗಳನ್ನು ಆ ಮನೆಗೇ ಕೊಟ್ಟಿದ್ದರು. ಗೋಡೆ ಹೆಚ್ಚಿದಷ್ಟೂ ಕಬ್ಬಿಣ ಹೆಚ್ಚು ಎಂದು ಮಾಲೀಕರು ಊರೆಲ್ಲ ಆಡಿಕೊಂಡರು. ಬೆಂಕಿಯಿಲ್ಲದೆ ಹೊಗೆಯಾಡುವುದಿಲ್ಲ ಎಂದು ಕಚೇರಿಯಲ್ಲಿ ನಮಗೂ ಗುಮಾನಿ. ಅದು ಕಿವಿಗೆ ಬಿದ್ದದ್ದೇ ಸಾಹೇಬರು, ಕಬ್ಬಿಣ ಎಲ್ಲಿಂದಾದರೂ ತನ್ನಿ, ಕುರುಗೋಡಿನಿಂದ ಒಂದು ಸರಳೂ ಬರಬಾರದು ಎಂದುಬಿಟ್ಟರು. ಮಾಲೀಕರಿಗೆ ನೆಪ ಉಳಿಯಲಿಲ್ಲ, ಎರಡೂ ಗೋಡೆ ಪಾಯಕ್ಕಿಳಿದವು; ಅದರಲ್ಲೊಂದು ವೇದಿಕೆಯ ಹಿಂದಿನದು. ಬೀಗರು ಮಾತ್ರ ಮಾತು ಬಿಟ್ಟರು. ಆ ವರ್ಷ ಮಗಳು ಹಬ್ಬಕ್ಕೂ ತವರಿಗೆ ಬರಲಿಲ್ಲ... ಅದರ ನೋವನ್ನು ಅವರು ನನ್ನೆದುರು ಒಮ್ಮೆ ಮಾತ್ರ ಆಡಿದ್ದರು.

“ಮಂದಿ ನನ್ನ ಮ್ಯಾಲೆ ಅನುಮಾನ ಪಡ್ಲಿ ಬಿಡವ್ವಾ. ಗ್ವಾಡಿ ಮ್ಯಾಲೆ ಅನುಮಾನ ಇರಬಾರ್ದು.”

ಅವರು ತೀರಿಕೊಂಡು ವರ್ಷಗಳಾದವು. ಹೋದ ತಿಂಗಳ ಆ ಮದುವೆಯಲ್ಲಿ ನಾನು ವೇದಿಕೆಯ ಪರದೆಯ ಹಿಂದೆ ಸರಿದು, ನನ್ನ ಬೀಗದ ಕೈಯಿಂದ ಗೋಡೆ ಕುಟ್ಟಿದೆ. ಅಂಚಿನಲ್ಲಿ ಗಟ್ಟಿ ಸದ್ದು, ನಡುವೆ ಪೊಳ್ಳು. ಮಂಟಪ ನೋಡಿಕೊಳ್ಳುವ ಮಾಲೀಕರ ಮಗನನ್ನು ಹುಡುಕಿ ಕೇಳಿದೆ. ವಧುವಿನ ಕೋಣೆಯಿಂದ ನೇರ ವೇದಿಕೆಗೆ ಬರಲೆಂದು ಗೋಡೆ ಕೊರೆಸಿ ಅಗಲವಾದ ಪ್ಲೈವುಡ್ ಬಾಗಿಲು ಕೂರಿಸಿದ್ದಾರಂತೆ. ಮುಂದಿನ ಮದುವೆಯ ಒಳಗೆ ಇದನ್ನು ಮೊದಲಿನಂತೆ ಕಬ್ಬಿಣ ಕಟ್ಟಿ, ಕಾಂಕ್ರೀಟ್ ಹಾಕಿ ಮುಚ್ಚಬೇಕು, ಅಲ್ಲಿಯವರೆಗೆ ಮೇಲೆ ಕೆಳಗೆ ಯಾರನ್ನೂ ಸೇರಿಸಬೇಡಿ ಎಂದೆ.

ಆತ ನನ್ನನ್ನು ಮೇಲಿನಿಂದ ಕೆಳಗಿನವರೆಗೆ ನೋಡಿದ.

“ನಿಮ್ಮ ಮನಿಯವ್ರದು ಕಬ್ಬಿಣದ ಅಂಗಡಿ ಐತೇನ್ರಿ ಮೇಡಂ?”

ಇದನ್ನು ಸಾಹೇಬರಿಗೆ ಹೇಳಬೇಕಿತ್ತು. ಹೇಳಿಕೊಳ್ಳಲು ಅವರಿಲ್ಲ...