ನುಂಗಿದ್ದನ್ನು ಕಣ್ಣಾರೆ ನೋಡುವ ಕೆಲಸ

ಬೆಳಗಿನ ಐದೂಮುಕ್ಕಾಲು. ಬಸ್ ಡಿಪೋದ ಹಿಂಗೋಡೆಯ ಪಕ್ಕ ಕಂಡಕ್ಟರ್ ಒಬ್ಬ ಎರಡೂ ಕೈ ಅಗಲಿಸಿ ನಿಂತಿದ್ದಾನೆ. ಗಿಡ್ಡನೆಯ ಹೆಂಗಸೊಬ್ಬರು ಅವನ ಎದೆಗೆ ಅಳತೆಯ ಟೇಪು ಸುತ್ತುತ್ತಿದ್ದಾರೆ. ಬಕೆಟ್ ಹಿಡಿದು ಹಾದುಹೋದ ಕ್ಲೀನರ್, "ಏನಣ್ಣ, ಹೊಸ ಅಂಗೀನಾ? ಯಾರಿಗೂ ಹೇಳೇ ಇಲ್ಲ!" ಎನ್ನುತ್ತಾನೆ. ಅವನು ಮರೆಯಾದದ್ದೇ ತಡ, ಟೇಪು ಚೀಲ ಸೇರುತ್ತದೆ, ಮಾತ್ರೆಯ ಪಟ್ಟಿ ಹೊರಬರುತ್ತದೆ.

"ಬಾಯಿ ತೆಗಿ."

"ನುಂಗಿದೀನಿ ಬಿಡಕ್ಕಾ."

"ನಾಲಿಗೆ ಎತ್ತು ಅಂದೆ. ನಿನ್ನ ಹಲ್ಲು ಎಣಿಸೋಕೆ ಬಂದಿಲ್ಲ ನಾನು."

ಕಂಡಕ್ಟರ್ ನಾಲಿಗೆ ಎತ್ತುತ್ತಾನೆ. ಆಮೇಲಷ್ಟೇ ಕಾರ್ಡಿನಲ್ಲಿ ಗುರುತು ಬೀಳುತ್ತದೆ.

ಈ ಬೀದಿಗಳಿಗೆ ಆಕೆ ಟೇಪಕ್ಕ, ಮನೆಮನೆಗೆ ಬಂದು ಅಳತೆ ತೆಗೆದುಕೊಳ್ಳುವ ದರ್ಜಿ. ನಿಜವಾದ ಕೆಲಸ, ಕ್ಷಯರೋಗಿಗಳು ದಿನದ ಮಾತ್ರೆ ನುಂಗುವುದನ್ನು ಎದುರು ನಿಂತು ನೋಡುವುದು. ದಿನಕ್ಕೆ ಹನ್ನೊಂದು ಮನೆ, ಐದು ಕಿಲೋಮೀಟರ್ ನಡಿಗೆ. ಹತ್ತು ಗಂಟೆಗೆ ಆಸ್ಪತ್ರೆಗೆ ಹೋಗಿ ಕಾರ್ಡು, ಕಫದ ಡಬ್ಬಿಗಳನ್ನು ಒಪ್ಪಿಸಬೇಕು. ಹದಿನೇಳು ವರ್ಷದಿಂದ ಇದೇ ಸುತ್ತು.

ಟೇಪು ಆಕೆಯದೇ ಉಪಾಯ. ಇಪ್ಪತ್ತೆರಡರ ವಯಸ್ಸಿನಲ್ಲಿ ಆಕೆಗೇ ಕ್ಷಯ ತಗುಲಿತ್ತು. ಹೆತ್ತ ತಾಯಿಯೇ ತಟ್ಟೆ ಲೋಟ ಬೇರೆ ಮಾಡಿದಳು. ಟೇಪಕ್ಕ ಹೇಳುತ್ತಾರೆ: "ತಟ್ಟೆಯಿಂದ ಬರೋ ಕಾಯಿಲೆ ಅಲ್ಲ ಇದು, ಕೆಮ್ಮಿದಾಗ ಗಾಳೀಲಿ ಬರೋದು. ಸರಿಯಾಗಿ ಔಷಧಿ ಶುರುವಾಗಿ ಕೆಲವು ವಾರ ಕಳೆದ್ರೆ ಹರಡೋದೂ ಎಷ್ಟೋ ಕಮ್ಮಿ ಆಗುತ್ತೆ. ಆಗ ನಮಗದನ್ನ ಹೇಳೋರು ಯಾರಿದ್ರು? ಆ ತಟ್ಟೆ ಇವತ್ತಿಗೂ ಕಣ್ಣಿಗೆ ಕಟ್ಟಿದ ಹಾಗಿದೆ. ಬೇರೆ ಯಾರಿಗೂ ಹಾಗಾಗಬಾರದು ಅಂತ ಟೇಪು ಹಿಡಿದೆ."

ರೋಗಿಗಳ ಫಜೀತಿ ಹೇಳುವಾಗ ಆಕೆ ನಗುತ್ತಾರೆ. ಮಾತ್ರೆಯಿಂದ ಮೂತ್ರ ಕಿತ್ತಳೆ ಬಣ್ಣಕ್ಕೆ ತಿರುಗುತ್ತದೆ. ಅದನ್ನು ಕಂಡ ಮುದುಕರೊಬ್ಬರು ಇನ್ನೇನು ಮುಗಿಯಿತೆಂದು ಹೆಣ್ಣುಮಕ್ಕಳನ್ನೆಲ್ಲ ಕರೆಸಿಕೊಂಡಿದ್ದರಂತೆ. "ಅವರೆಲ್ಲ ಅತ್ತು ಕರೆದು ಊಟ ಮಾಡ್ಕೊಂಡು ಹೋದ್ರು. ತಾತ ಇನ್ನೂ ಗಟ್ಟಿಯಾಗಿದಾರೆ!"

ಆದರೆ ಎಂಟನೆಯ ಮನೆಯ ತಿರುವು ಬಂದಾಗ ನಗು ನಿಲ್ಲುತ್ತದೆ, ನಡಿಗೆ ನಿಧಾನವಾಗುತ್ತದೆ. ಈ ಮನೆಗೆ ಟೇಪು ಬೇಕಿಲ್ಲ.

ಮೂರು ವರ್ಷದ ಹಿಂದೆ ಈ ಮನೆಗೆ ಹೊಸದಾಗಿ ಬಂದ ಸೊಸೆಗೆ ಕ್ಷಯವೆಂದು ಗೊತ್ತಾಯಿತು. ಆರು ತಿಂಗಳ ಮಾತ್ರೆ. "ಅತ್ತೆಗೆ ಗೊತ್ತಾದ್ರೆ ತವರಿಗೆ ಕಳಿಸಿಬಿಡ್ತಾರೆ, ಕಾಲಿಗೆ ಬೀಳ್ತೀನಿ ಅಕ್ಕ" ಎಂದಳಂತೆ ಹುಡುಗಿ. ಒಳಕೋಣೆಯಲ್ಲಿ ಅಳತೆಯ ನೆಪದಲ್ಲಿ ಮಾತ್ರೆ ನುಂಗಿಸುವುದು ಶುರುವಾಯಿತು. ಒಂದು ದಿನ ಅತ್ತೆ ಬಾಗಿಲಲ್ಲಿ ಇಣುಕಿ, "ಎಷ್ಟು ಸಲ ಅಳೀತೀಯಮ್ಮ, ಇವಳೇನು ದಿನಾ ಬೆಳೀತಾಳಾ?" ಎಂದರು. ಅವರು ಕೇಳಿದ್ದು ತಮಾಷೆಗೆ. ಟೇಪಕ್ಕ ಅದನ್ನು ಅನುಮಾನವೆಂದುಕೊಂಡರು. ಮರುದಿನದಿಂದ ವಾರದ ಮಾತ್ರೆಯನ್ನು ಹೊಲಿದ ಬಟ್ಟೆಯೊಳಗೆ ಮಡಚಿ ಬಾಗಿಲಲ್ಲೇ ಕೊಟ್ಟುಬಂದರು. ನೋಡದೆಯೇ ಕಾರ್ಡಿನಲ್ಲಿ ದಿನದಿನವೂ 'ನುಂಗಿದರು' ಎಂದು ಗುರುತು ಹಾಕಿದರು.

ಕೆಮ್ಮು ನಿಂತಿತು, ಹುಡುಗಿಯ ಕೆನ್ನೆ ತುಂಬಿತು. ಗುಣವಾಯಿತೆಂದುಕೊಂಡ ಅವಳು ಮಾತ್ರೆ ಬಿಟ್ಟಳು. ಕೆಮ್ಮು ಬಂದಾಗ ನಾಲ್ಕು ದಿನ ನುಂಗುವುದು, ನಿಂತಾಗ ಉಳಿದದ್ದನ್ನು ದಿಂಬಿನ ಹತ್ತಿಯೊಳಗೆ ತುರುಕುವುದು. ಕೆಮ್ಮು ನಿಂತ ಮಾತ್ರಕ್ಕೆ ಕ್ಷಯದ ಕ್ರಿಮಿ ಸಾಯುವುದಿಲ್ಲ; ಶ್ವಾಸಕೋಶದಲ್ಲಿ ಅಡಗಿ ಕೂತಿರುತ್ತದೆ. ಅರ್ಧಂಬರ್ಧ ಔಷಧಿಯಲ್ಲಿ ಬದುಕಿ ಉಳಿದದ್ದು ಆ ಔಷಧಿಗೇ ಜಗ್ಗದಂತಾಗುತ್ತದೆ. ಆರು ತಿಂಗಳ ಅವಧಿ ಮುಗಿದು ವರ್ಷ ಕಳೆಯುವುದರೊಳಗೆ ಅವಳು ರಕ್ತ ಕೆಮ್ಮಿದಳು. ಈಗ ಹದಿನೆಂಟು ತಿಂಗಳ ಚಿಕಿತ್ಸೆ. ಕಠಿಣ ಮಾತ್ರೆಗಳಿಂದ ಚರ್ಮ ಕಪ್ಪಾಗಿದೆ, ಪಾದ ಜೋಮು ಹಿಡಿಯುತ್ತದೆ, ಎರಡು ಮೆಟ್ಟಿಲಿಗೆ ಏದುಸಿರು.

ಟೇಪಕ್ಕ ತಾವಾಗಿಯೇ ವೈದ್ಯರ ಮುಂದೆ ನಿಂತು, "ನೋಡಿಲ್ಲ ಡಾಕ್ಟ್ರೇ, ನೋಡಿದೀನಿ ಅಂತ ಬರೆದೆ" ಎಂದರು. ವೈದ್ಯರು ಎಲ್ಲರೆದುರು ಗದರಿದರು. ಅದು ಅಷ್ಟು ನೋಯಲಿಲ್ಲವಂತೆ. ಬಳಿಕ ಅತ್ತೆಗೂ ವಿಷಯ ತಿಳಿಸಬೇಕಾಯಿತು. ಆಗ ಅತ್ತೆ, "ನನಗೆ ಹೇಳಿದ್ರೆ ನಾನೇ ಎದುರು ಕೂತು ನುಂಗಿಸ್ತಿದ್ದೆನಲ್ಲಮ್ಮ. ನಾನೇನು ರಾಕ್ಷಸೀನಾ?" ಎಂದರು.

"ನೆಲ ಬಾಯಿ ಬಿಡಬಾರದಾ ಅನ್ನಿಸ್ತು," ಎನ್ನುತ್ತಾರೆ ಟೇಪಕ್ಕ. "ನನ್ನಮ್ಮನ ಮುಖಾನ ಆ ಹೆಂಗಸಿನ ಮುಖಕ್ಕೆ ಅಂಟಿಸಿಬಿಟ್ಟಿದ್ದೆ. ಆ ಹುಡುಗಿ ಮಾನ ಕಾಪಾಡ್ತೀನಿ ಅಂತ ಹೊರಟು ಅವಳ ಜೀವಾನೇ ಕೈಬಿಟ್ಟೆ."

ಇಂದು ಬಾಗಿಲು ತೆರೆಯುವುದು ಅತ್ತೆಯೇ. ಬಿಸಿಲು ಬೀಳುವ ತಾರಸಿಯಲ್ಲಿ ಸೊಸೆ ಮುಖಗವಸು ತೊಟ್ಟು ಕೂತಿದ್ದಾಳೆ. "ಬನ್ನಿ ಅಕ್ಕ" ಎಂದು ಅಂಗೈ ಚಾಚುತ್ತಾಳೆ. ಗವಸು ಇಳಿಸಿ ಒಂದೊಂದಾಗಿ ನುಂಗಿ, ಕೇಳುವ ಮೊದಲೇ ಬಾಯಿ ತೆರೆದು ತೋರಿಸುತ್ತಾಳೆ. ಅತ್ತೆಯೂ ಬಗ್ಗಿ ನೋಡುತ್ತಾರೆ. ಹದಿನಾಲ್ಕು ತಿಂಗಳು ಮುಗಿದಿದೆ. ಈಚಿನ ಪರೀಕ್ಷೆಗಳಲ್ಲಿ ಕಫದಲ್ಲಿ ಕ್ರಿಮಿ ಕಂಡಿಲ್ಲ. ಇನ್ನು ನಾಲ್ಕು ತಿಂಗಳು ಒಂದು ದಿನವೂ ತಪ್ಪಬಾರದು.

ಮೆಟ್ಟಿಲಿಳಿಯುವಾಗ ಟೇಪಕ್ಕ ತಲೆ ತಗ್ಗಿಸಿಯೇ ಮಾತಾಡುತ್ತಾರೆ. "ಇಷ್ಟಾದ್ರೂ ಒಂದು ದಿನ ಬೈದಿಲ್ಲ ಆ ಹುಡುಗಿ. ಬೈದಿದ್ರೆ ಸಲೀಸಾಗಿರ್ತಿತ್ತು. ಕೊನೇ ಮಾತ್ರೆ ನುಂಗಿದ ದಿನ ನನ್ನನ್ನ ಬೀದೀಲಿ ನಿಲ್ಲಿಸಿ, ಎಲ್ಲರಿಗೂ ಕೇಳೋ ಹಾಗೆ ಬಾಯ್ತುಂಬ ಬೈಲಿ ಅಂತ ಆಸೆ. ಅಷ್ಟು ಜೋರಾಗಿ ಬೈಯೋಕೆ ಎದೇಲಿ ಉಸಿರು ಬೇಕಲ್ಲ? ಆ ಉಸಿರು ಅವಳಿಗೆ ಬಂದಿರ್ಲಿ."