ಟಾವೆಲ್ ಕೆಳಗಿನ ಕರಾರು

ಗೋಳಗುಮ್ಮಟದ ಹತ್ತಿರದ ಅಂಗಡಿಯಲ್ಲಿ ಮೊನ್ನೆ ಹೊಸ ಮೊಬೈಲ್ ಕೇಳಿದೆ. ಈ ಫೋನಿಗೆ ಇಂಥದೇ ಸಿಮ್ಮು, ಆ ಸಿಮ್ಮಿಗೆ ಎರಡು ವರ್ಷದ ಪ್ಲ್ಯಾನು ತಗೊಳ್ಳಲೇಬೇಕೆಂದ ಅಂಗಡಿಯಾತ. "ಅದು ಕಂಪನಿ ಕಂಪನಿ ನಡುವಿನ ಕರಾರ್ರಿ. ನಾವೇನ್ ಮಾಡೂಣು?" ಕರಾರು ಎಂದೊಡನೆ ನನಗೆ ತಿಕೋಟಾದ ಮಹಬೂಬ ಕಾಕಾ ನೆನಪಾದ.

ಎಪ್ಪತ್ತರ ದಶಕ. ಪಕ್ಕದ ಮನೆಯ ಕಾಕಾ ಎತ್ತಿನ ದಲಾಲಿ ಬಿಟ್ಟು ರೇಡಿಯೋ ಅಂಗಡಿ ತೆರೆದ. ದಲಾಲಿ ಬಿಟ್ಟರೂ ಹೆಗಲ ಮೇಲಿನ ಟಾವೆಲ್ ಬಿಡಲಿಲ್ಲ. ಎತ್ತಿನ ಪೇಟೆಯಲ್ಲಿ ಬಾಯಿಬಿಟ್ಟು ದರ ಹೇಳುವವರಿಲ್ಲ ನೋಡಿ. ಟಾವೆಲ್ ಕೆಳಗೆ ಒಬ್ಬರ ಬೆರಳು ಇನ್ನೊಬ್ಬರು ಹಿಡಿಯುತ್ತಾರೆ. ಹಿಡಿದಷ್ಟು ಬೆರಳೇ ಮಾತು. ಇಡೀ ಕೈ ಹಿಡಿದರೆ ಐದು. ಅದಕ್ಕೆ ಸಾಕ್ಷಿ ಬೇಡ, ಸಹಿ ಬೇಡ.

ತನ್ನಿಂದ ಎತ್ತು ಕೊಂಡಿದ್ದ ಬಬಲೇಶ್ವರ ಕಡೆಯ ಹಳೆಯ ಗಿರಾಕಿಗಳಿಗೆಲ್ಲ ಹೊಲಕ್ಕೆ ಒಯ್ಯುವಂಥ ಟ್ರಾನ್ಸಿಸ್ಟರ್ ತರಿಸಿಕೊಡುವುದಾಗಿ ಕಾಕಾ ಮಾತು ಕೊಟ್ಟಿದ್ದ. ತಪ್ಪಿದರೆ ಅವರಿಗೆ ಮುಖ ತೋರಿಸುವಂತಿರಲಿಲ್ಲ. ಕಂಪನಿಯ ವರಸೆಯೇ ಬೇರೆ: ಗೋದಾಮಿನಲ್ಲಿ ಧೂಳು ತಿನ್ನುತ್ತಿದ್ದ ದೊಡ್ಡ ಪೆಟ್ಟಿಗೆ ರೇಡಿಯೋ ಕೊಂಡರೆ ಮಾತ್ರ ಟ್ರಾನ್ಸಿಸ್ಟರ್. ಆ ಪೆಟ್ಟಿಗೆಗೆ ಕರೆಂಟು ಬೇಕು; ಹೊಲದಲ್ಲಿ ಕರೆಂಟೆಲ್ಲಿ?

ಟೈ ಕಟ್ಟಿದ ಸಾಹೇಬನೊಬ್ಬ ಮುಂಬೈಯಿಂದ ಬಂದು ಮಧ್ಯಾಹ್ನದವರೆಗೆ ಕಂಪನಿಯ ದೊಡ್ಡಸ್ತಿಕೆ ಹೇಳಿದ. ಕಾಕಾ ಎಲ್ಲ ಕೇಳಿ, ಅವನ ಕೈಮೇಲೆ ಟಾವೆಲ್ ಹೊದಿಸಿದ.

"ಈಗ ಹೇಳ್ರಿ ಸಾಹೇಬ್ರ, ಒಂದ್ ದೊಡ್ಡ ಪೆಟಗಿಗೆ ಎಷ್ಟ್ ಟ್ರಾನ್ಸಿಸ್ಟರ್ ಕೊಡ್ತೀರಿ?"

ಇದು ಈ ಸೀಮೆಯ ಮರ್ಯಾದೆಯಿರಬೇಕೆಂದು ಸಾಹೇಬ ಕಾಕಾನ ಇಡೀ ಕೈ ಹಿಡಿದು ಕುಲುಕಿದ. ಐದು ಟ್ರಾನ್ಸಿಸ್ಟರ್ ಎಂದು ಕಾಕಾನ ಮುಖ ಅರಳಿತು. ಸಾಹೇಬ ಕಾಗದದಲ್ಲಿ ತೋರಿಸಿದಲ್ಲೆಲ್ಲ ಸಹಿ ಹಾಕಿದ. ಕೈ ಹಿಡಿದವನೆದುರು ಕಾಗದ ಓದುವುದು ಅವನಿಗೆ ಅವಮಾನ ಮಾಡಿದಂತೆ ಎಂಬುದು ಕಾಕಾನ ನಂಬಿಕೆ.

ಲಾರಿಯಿಂದ ಇಳಿದದ್ದು ಐದು ದೊಡ್ಡ ಪೆಟ್ಟಿಗೆ, ಒಂದು ಟ್ರಾನ್ಸಿಸ್ಟರ್. ಕಾಗದದಲ್ಲಿ ಇದ್ದದ್ದೂ ಅದೇ.

"ವಾಪಸ್ ಕಳಿಸಿಬಿಡ್ರಿ ಮಹಬೂಬಣ್ಣ" ಎಂದ ನಮ್ಮಪ್ಪ.

"ಕೈ ಹಿಡದು ಮಾತಾಗೇತಿ ತಮ್ಮಾ. ಈಗ ಒಲ್ಲೆ ಅಂದ್ರ ಪ್ಯಾಟ್ಯಾಗ ನನ್ನ ಟಾವೆಲ್ ಯಾರ್ ಮುಟ್ಟತಾರ?"

ಪೆಟ್ಟಿಗೆಗಳ ಮೇಲೆ ಕಾಕಿ ಹಪ್ಪಳ ಒಣಹಾಕಿದಳು. ಇದ್ದೊಂದು ಟ್ರಾನ್ಸಿಸ್ಟರನ್ನು ಕಾಕಾ ಯಾರಿಗೂ ಮಾರದೆ, ಸರದಿಯ ಮೇಲೆ ಒಬ್ಬೊಬ್ಬ ಗಿರಾಕಿಯ ಹೊಲಕ್ಕೆ ಕಳಿಸಿದ. ಅದು ಊರೂರು ಹಾಡುತ್ತ ತಿರುಗಿತು, ಅಂಗಡಿ ಮುಚ್ಚಿತು. ಕಾಕಾ ಮತ್ತೆ ಎತ್ತಿನ ಪೇಟೆಗೆ ಹೋದ. ಅಲ್ಲಿ ಅವನ ಟಾವೆಲ್ ಕೆಳಗೆ ಕೈ ಚಾಚಲು ಒಬ್ಬನೂ ಹಿಂದೆಮುಂದೆ ನೋಡಲಿಲ್ಲ. ಅದನ್ನು ನೆನೆದರೆ ಈಗಲೂ ನನಗೆ ಹೊಟ್ಟೆಕಿಚ್ಚಾಗುತ್ತದೆ.

"ಇಲ್ಲಿ ಬಟ್ಟು ಒತ್ರಿ" ಎಂದು ಮೊಬೈಲ್ ಅಂಗಡಿಯಾತ ಗಾಜಿನ ಪರದೆ ಮುಂದೆ ಹಿಡಿದ.

"ಕರಾರು ಓದಬ್ಯಾಡೇನು?"

"ಯಾರೂ ಓದಂಗಿಲ್ಲ ಬಿಡ್ರಿ."

ಬೆರಳು ಒತ್ತಿದೆ. ಎಷ್ಟೆಂದರೂ ಫೋನು ಬೇಕಿತ್ತು. ಅಂಗಡಿಯಾತ ನಕ್ಕು ಕೈ ಚಾಚಿದಾಗ ಮಾತ್ರ ನಮಸ್ಕಾರ ಮಾಡಿ ಹೊರಬಂದೆ. ಕಂಪನಿಗೆ ಒಂದು ಬೆರಳು ಸಾಕು. ಇಡೀ ಕೈ ಕಾಕಾನಂಥವರಿಗೆ ಇರಲಿ.