ಕದರಯ್ಯನವರ ಮೂರನೇ ಪದಕ

ಗುಬ್ಬಿಯ ಮಾಜಿ ಹವಾಲ್ದಾರ್ ಕದರಯ್ಯನವರು ಸೋಮವಾರ ಬಂತೆಂದರೆ ಇಸ್ತ್ರಿ ಅಂಗಿಗೆ ಮೂರು ಪದಕ ಸಿಕ್ಕಿಸಿಕೊಂಡು, ಮೊದಲ ಬಸ್ಸಿಗೇ ಹೊರಟು ತುಮಕೂರಿನ ಮಾಜಿ ಸೈನಿಕರ ಕಚೇರಿಗೆ ಹಾಜರು. ಅಲ್ಲಿನ ಜವಾನ ಗಡಿಯಾರ ಸರಿಮಾಡಿಕೊಳ್ಳುವುದೇ ಅವರ ಮುಖ ನೋಡಿ. ದಾಖಲೆಯಲ್ಲಿರುವುದು ಮಾತ್ರ ಎರಡೇ ಪದಕ. ಯುದ್ಧದಲ್ಲಿ ಗಾಯಗೊಂಡವರಿಗೆ ಕೊಡುವ ಮೂರನೆಯದು ನಮೂದಾಗಿಲ್ಲ. "ಯಜಮಾನ್ರೆ, ನಿಮ್ಗೆ ಗಾಯಾನೇ ಆಗಿಲ್ಲ ಅಂತಿದೆ," ಎಂದು ಗುಮಾಸ್ತೆ ಸಂಧ್ಯಾ ಎದೆಮಟ್ಟದ ಕೌಂಟರಿನ ಆಚೆಯಿಂದ, ಕಂಪ್ಯೂಟರಿನಿಂದ ಕಣ್ಣು ಕೀಳದೆ, ಹನ್ನೊಂದು ವರ್ಷಗಳಿಂದ ಹೇಳುತ್ತಿದ್ದಾರೆ. "ಇನ್ನೊಂದ್ ಸಲ ನೋಡವ್ವ, ಆಗಿದ್ರೂ ಆಗಿರ್ಬೋದು," ಎಂದು ಕದರಯ್ಯನವರೂ ಅಷ್ಟೇ ತಾಳ್ಮೆಯಿಂದ ಹೇಳಿ, ಸೆಲ್ಯೂಟ್ ಹೊಡೆದು, ಮುಂದಿನ ಸೋಮವಾರದ ಮಾತು ತೆಗೆದುಕೊಂಡು ಹೊರಬೀಳುತ್ತಾರೆ. ಕಂಪ್ಯೂಟರಿಗೆ ಧೂಳಾಗುತ್ತದೆಂದು ಎಲ್ಲರೂ ಬಾಗಿಲಾಚೆಯೇ ಬಿಟ್ಟ ಜೋಡಿ ಜೋಡಿ ಚಪ್ಪಲಿಗಳ ನಡುವೆ ಅವರು ತಮ್ಮದನ್ನು ಹುಡುಕಬೇಕಾಗಿಯೇ ಇಲ್ಲ, ಅವರದು ಎಡಗಾಲಿನದೊಂದೇ.